ನೈಲಾನ್ ಜ್ವರ

ನಮ್ಮ ಕಟ್ಟಡದಲ್ಲಿ ಇಪ್ಪತ್ತೆರಡು ಮನೆಗಳಿದ್ದವು. ಒಂದರಲ್ಲೂ ಥರ್ಮಾಮೀಟರ್ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಕೆಳಗೆ ಮೆಟ್ಟಿಲ ಅಡಿಯಲ್ಲಿ ನಮ್ಮ ದೊಡ್ಡಪ್ಪ ಇದ್ದರಲ್ಲ!

ದೊಡ್ಡಪ್ಪ ಅಂದರೆ ನನ್ನ ಅಪ್ಪನ ಅಣ್ಣ. ನನಗಷ್ಟೇ ಅಲ್ಲ, ಕಟ್ಟಡಕ್ಕೆಲ್ಲ ಅವರು ಇಸ್ತ್ರಿ ದೊಡ್ಡಪ್ಪ. ಮೆಟ್ಟಿಲು ತಿರುಗುವ ಕಡೆ, ಆಚೆ ಕರೆಂಟಿನ ಮೀಟರ್ ಬೋರ್ಡು, ಈಚೆ ನೀರಿನ ಪೈಪು, ನಡುವೆ ಒಂದು ಮೇಜು ಹಿಡಿಸುವಷ್ಟು ಜಾಗ. ಅದೇ ಅವರ ಅಂಗಡಿ. ಮೇಜಿನ ಮೇಲೆ ನಾಲ್ಕು ಮಡಿಕೆಯ ಹಳೆಯ ಕಂಬಳಿ, ಅದರ ಮೇಲೆ ಬಿಳಿ ಹೊದಿಕೆ, ಬಲಗಡೆ ಆರು ಕಿಲೋ ತೂಗುವ ಇಸ್ತ್ರಿ ಪೆಟ್ಟಿಗೆ, ಎಡಗಡೆ ನೀರಿನ ಬಟ್ಟಲು. ಆ ಇಳಿಜಾರು ಸೂರಿನ ಕೆಳಗೆ ಆರಡಿಯ ಮನುಷ್ಯ ಮೂವತ್ತು ವರ್ಷ ತಲೆ ತಗ್ಗಿಸಿ ನಿಂತು ನಿಂತು, ಬೀದಿಗೆ ಬಂದರೂ ತಲೆ ತಗ್ಗಿಸಿಯೇ ನಡೆಯುತ್ತಿದ್ದರು. ಗುರುತಿಲ್ಲದವರು ಎಂಥ ವಿನಯ ಎಂದುಕೊಳ್ಳುತ್ತಿದ್ದರು. ವಿನಯವೂ ಇಲ್ಲ, ಗಿನಯವೂ ಇಲ್ಲ. ಬಾಯಿ ತೆರೆದರೆ ಗೊತ್ತಾಗುತ್ತಿತ್ತು.

ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ಅಲ್ಲಿ ಜಾತ್ರೆ. ಕೆಲಸಕ್ಕೆ ಹೊರಟ ತಾಯಂದಿರು ಒಂದು ಕೈಯಲ್ಲಿ ಬಟ್ಟೆಯ ಗಂಟು, ಇನ್ನೊಂದು ಕೈಯಲ್ಲಿ ಮಗುವನ್ನು ಹಿಡಿದು ಬರುತ್ತಿದ್ದರು. ಗಂಟು ಮೇಜಿನ ಮೇಲೆ ಬೀಳುತ್ತಿತ್ತು, ಮಗುವಿನ ಹಣೆ ಮುಂದಕ್ಕೆ ಬರುತ್ತಿತ್ತು.

“ದೊಡ್ಡಪ್ಪ, ಸ್ವಲ್ಪ ಮುಟ್ಟಿ ನೋಡಿ. ಯಾಕೋ ಬೆಚ್ಚಗಿದಾನೆ.”

ದೊಡ್ಡಪ್ಪ ಪೆಟ್ಟಿಗೆಯನ್ನು ನಿಲ್ಲಿಸಿ ಬಲಗೈಯನ್ನು ಹಣೆಯ ಮೇಲೆ ಇಡುತ್ತಿದ್ದರು. ಆಮೇಲೆ ಅದೇ ಕೈ ಕತ್ತಿನ ಹಿಂದಕ್ಕೆ. ಕಣ್ಣು ಮುಚ್ಚಿ ಮೂರು ಎಣಿಸಿ ತೀರ್ಪು ಕೊಡುತ್ತಿದ್ದರು.

“ನೈಲಾನ್. ಸ್ಕೂಲಿಗೆ ಕಳ್ಸು.”

ಅವರ ಪೆಟ್ಟಿಗೆಯ ಮೇಲೆ ಒಂದು ತಿರುಗಣೆ ಇತ್ತು, ಅದರ ಸುತ್ತ ಐದು ಬಟ್ಟೆಗಳ ಹೆಸರು. ಎಲ್ಲಕ್ಕಿಂತ ಕಡಿಮೆ ಶಾಖಕ್ಕೆ ನೈಲಾನ್, ಆಮೇಲೆ ರೇಷ್ಮೆ, ಉಣ್ಣೆ, ಕಾಟನ್, ಕೊನೆಗೆ ಲಿನನ್. ಹೆಸರುಗಳು ಅರ್ಧಕ್ಕರ್ಧ ಅಳಿಸಿಹೋಗಿದ್ದವು. ದೊಡ್ಡಪ್ಪನಿಗೆ ಅವುಗಳ ಅಗತ್ಯವೂ ಇರಲಿಲ್ಲ. ಮೂವತ್ತು ವರ್ಷ ಬಟ್ಟೆಯ ಶಾಖ ನೋಡಿದವರು ಮೈಯ ಶಾಖವನ್ನೂ ಅದೇ ಲೆಕ್ಕದಲ್ಲಿ ನೋಡುತ್ತಿದ್ದರು. ರೇಷ್ಮೆ ಅಂದರೆ ಮನೆಯಲ್ಲಿ ಮಲಗಿಸಿ, ನೀರು ಕುಡಿಸಿ. ಉಣ್ಣೆ ಅಂದರೆ ಔಷಧಿ ಹಾಕಿ, ಉಗುರುಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ ಮೈ ಒರೆಸಿ. ಕಾಟನ್ ಎಂದರೆ ತಾಯಿ ಆ ದಿನ ಕೆಲಸಕ್ಕೆ ರಜ ಹೇಳಿ ಡಾಕ್ಟರ ಹತ್ತಿರ ಹೋಗುತ್ತಿದ್ದಳು. ಲಿನನ್ ಅನ್ನುವ ಮಾತು ನಾನು ಕೇಳಿದ್ದು ಎರಡೇ ಸಲ. ಎರಡೂ ಸಲ ಅವರು ಪೆಟ್ಟಿಗೆಯ ಪ್ಲಗ್ ಕಿತ್ತು, ಮಗುವನ್ನು ತಾವೇ ಎತ್ತಿಕೊಂಡು ಓಡಿದ್ದರು.

ದೊಡ್ಡವರೂ ಬರುತ್ತಿದ್ದರು. ಎರಡನೇ ಮಹಡಿಯ ಮೇಷ್ಟ್ರಿಗೆ ಪರೀಕ್ಷೆಯ ಪೇಪರು ತಿದ್ದುವ ಕಾಲ ಬಂದರೆ ಸಾಕು, ಜ್ವರ ಬರುತ್ತಿತ್ತು. ಶಾಲು ಹೊದ್ದು ನರಳುತ್ತ ಇಳಿದು ಬಂದರು ಒಂದು ದಿನ.

“ನೋಡ್ರಿ ದೊಡ್ಡಪ್ಪ, ರಜಕ್ಕೆ ಬರೀಬೇಕು. ಕಾಟನ್ ಇರ್ಬೋದಾ?”

ದೊಡ್ಡಪ್ಪ ಹಣೆ ಮುಟ್ಟಿದರು. “ಮೇಷ್ಟ್ರೇ, ನಿಮ್ದು ಇನ್ನೂ ಸ್ವಿಚ್ಚೇ ಹಾಕಿಲ್ಲ.”

ಇಡೀ ಮೆಟ್ಟಿಲು ನಕ್ಕಿತ್ತು. ಕಟ್ಟಡದ ಮಾತೇ ಹಾಗೆ ಆಗಿಹೋಗಿತ್ತು. “ನಮ್ಮ ಮಗಳಿಗೆ ನಿನ್ನೆ ಉಣ್ಣೆ ಇತ್ತು, ಇವತ್ತು ನೈಲಾನಿಗೆ ಇಳಿದಿದೆ” ಎಂದು ನೀರಿನ ನಲ್ಲಿಯ ಹತ್ತಿರ ಹೆಂಗಸರು ಮಾತಾಡಿಕೊಳ್ಳುತ್ತಿದ್ದರು. ಹೊಸದಾಗಿ ಬಂದ ಬಾಡಿಗೆಯವರು ಇದ್ಯಾವುದೋ ಬಟ್ಟೆ ವ್ಯಾಪಾರ ಅಂದುಕೊಂಡರೂ ಆಶ್ಚರ್ಯವಿಲ್ಲ.

ನಾನು ಆ ಕೈಯ ಬಗ್ಗೆ ಹೇಳಬೇಕು. ಬಲಗೈ ಮಾತ್ರ. ಎಡಗೈ ಯಾವಾಗಲೂ ನೀರಿನ ಬಟ್ಟಲಲ್ಲಿ ಅದ್ದಿ ಚಿಮುಕಿಸುವ ಕೈ. ತಣ್ಣಗೆ, ಒದ್ದೆಯಾಗಿ ಇರುತ್ತಿತ್ತು. ಅದಕ್ಕೆ ಎಲ್ಲರ ಹಣೆಯೂ ಬೆಂಕಿಯೇ. ಬಲಗೈಯ ಅಂಗೈ ಮಾತ್ರ ಒಣಗಿ, ಹಳೆಯ ಬೆಲ್ಟಿನ ಹಾಗೆ ಹೊಳೆಯುತ್ತಿತ್ತು. ಆ ಕೈ ನನ್ನ ಹಣೆಯ ಮೇಲೆ ಎಷ್ಟು ಸಲ ಕೂತಿದೆಯೋ ಲೆಕ್ಕವಿಲ್ಲ. ಚಿಕ್ಕವಳಿದ್ದಾಗ ಜ್ವರಕ್ಕಿಂತ ಮೊದಲು ಆ ಕೈಯ ವಾಸನೆ ಬರುತ್ತಿತ್ತು, ಬಿಸಿ ಬಟ್ಟೆಯದು. ಅರ್ಧ ಜ್ವರ ಅಲ್ಲೇ ಇಳಿಯಿತು ಅನ್ನಿಸುತ್ತಿತ್ತು.

ನನಗೆ ಹತ್ತೊಂಬತ್ತು ತುಂಬಿದ ವರ್ಷ ಒಂದು ಸಂಜೆ ಕಾಲೇಜಿನಿಂದ ಬಂದು ಅವರ ಮೇಜಿನ ತುದಿಗೆ ಒರಗಿ ನಿಂತಿದ್ದೆ. ಅವರು ಯಾವುದೋ ಅಂಗಿಯ ಕಾಲರು ತೀಡುತ್ತ, ನನ್ನ ಕಾಲೇಜಿನ ಹುಡುಗರ ಪ್ಯಾಂಟಿನ ಬಗ್ಗೆ ಬಯ್ಯುತ್ತಿದ್ದರು. ಮಾತಿನ ನಡುವೆ ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿ, ಬಲಗೈಯನ್ನು ಮೇಜಿಗೆ ಊರಿದರು. ಸ್ವಲ್ಪ ಹೊತ್ತಿನಲ್ಲಿ ನನಗೆ ಕೂದಲು ಸುಟ್ಟಂಥ ಕಮಟು ಬಂತು. ನೋಡಿದರೆ ಅವರ ಕಿರುಬೆರಳಿನ ಪಕ್ಕ ಪೆಟ್ಟಿಗೆಯ ಅಂಚಿಗೆ ಅಂಟಿಕೊಂಡಿದೆ. ಅವರು ಇನ್ನೂ ಪ್ಯಾಂಟಿನ ಬಗ್ಗೆಯೇ ಮಾತಾಡುತ್ತಿದ್ದಾರೆ.

“ದೊಡ್ಡಪ್ಪ, ಕೈ!”

ಅವರು ಕೆಳಗೆ ನೋಡಿದರು. ಕೈಯನ್ನು ಎಳೆದುಕೊಂಡರು. ಆ ಎಳೆತದಲ್ಲಿ ಆತುರವೇ ಇರಲಿಲ್ಲ. ಯಾರದೋ ಕೈ ಎತ್ತಿ ಪಕ್ಕಕ್ಕೆ ಇಟ್ಟ ಹಾಗೆ ಇತ್ತು. ಚರ್ಮ ಬೆಳ್ಳಗೆ ಎದ್ದಿತ್ತು.

“ಉರೀತಿಲ್ವಾ?”

“ಉರಿಯುತ್ತೆ, ಉರಿಯುತ್ತೆ” ಎಂದು ಕೈಯನ್ನು ನೀರಿನ ಬಟ್ಟಲಿಗೆ ಇಳಿಸಿದರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು, “ಯಾರಿಗೂ ಹೇಳ್ಬೇಡ ಕಣೇ. ಅಕ್ಕನಿಗಂತೂ ಬೇಡ. ಸುಮ್ನೆ ತಲೆ ತಿಂತಾಳೆ.”

ಅಕ್ಕ ಎಂದರೆ ಅವರ ಒಬ್ಬಳೇ ಮಗಳು. ನಾನು ಹುಟ್ಟಿದಾಗಿನಿಂದ ನನಗೆ ಅಕ್ಕನೇ. ರೆಡಿಮೇಡ್ ಬಟ್ಟೆಯ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ. ಭಾವ ಲಾರಿ ಓಡಿಸುವವರು, ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯ ಮೇಲೆ. ದೊಡ್ಡಮ್ಮ ತೀರಿಹೋಗಿ ಬಹಳ ವರ್ಷವಾಗಿತ್ತು. ಅಕ್ಕನ ಮಗು ದೊಡ್ಡಪ್ಪನ ಮೇಜಿನ ಕೆಳಗೆ ಬೆಳೆಯುತ್ತಿತ್ತು. ಮೂರೂವರೆ ವರ್ಷದವಳು. ಗಿರಾಕಿಗಳ ಅಂಗಿಯಿಂದ ಉದುರಿದ ಗುಂಡಿಗಳನ್ನು ಡಬ್ಬಿಯಲ್ಲಿ ಕೂಡಿಟ್ಟು ದಿನವಿಡೀ ಗಲಗಲ ಅನ್ನಿಸುತ್ತ ಕೂರುತ್ತಿದ್ದಳು, ಅದಕ್ಕೆ ಎಲ್ಲರಿಗೂ ಅವಳು ಗುಂಡಿ. ತಾತ ಯಾರ ಹಣೆಯನ್ನಾದರೂ ಮುಟ್ಟಿ “ರೇಷ್ಮೆ” ಎಂದರೆ ಇವಳು ಕೆಟ್ಟುಹೋದ ಇನ್ನೊಂದು ಹಳೆಯ ಪೆಟ್ಟಿಗೆಯ ತಿರುಗಣೆಯನ್ನು ಸರಿಯಾಗಿ ರೇಷ್ಮೆಗೆ ತಿರುಗಿಸಿ “ಟಕ್” ಅನ್ನುತ್ತಿದ್ದಳು. ಅದು ಅವರಿಬ್ಬರ ಆಟ.

ನಾನು ಯಾರಿಗೂ ಹೇಳಲಿಲ್ಲ. ಸುಟ್ಟ ಗಾಯದ ವಿಷಯ ತಾನೆ ಎಂದುಕೊಂಡೆ.

ಆದರೆ ಅಂದಿನಿಂದ ನನ್ನ ಕಣ್ಣು ಆ ಕೈಯ ಮೇಲೆಯೇ ಇರುತ್ತಿತ್ತು. ಆಗ ಗೊತ್ತಾಯಿತು. ಮುಂಚೆ ಕಣ್ಣು ಮುಚ್ಚಿ ತೀರ್ಪು ಕೊಡುತ್ತಿದ್ದವರು ಈಗ ಕಣ್ಣು ತೆರೆದೇ ಇರುತ್ತಾರೆ. ಮಗುವಿನ ತುಟಿ ಒಣಗಿದೆಯೇ, ಕಣ್ಣು ಕೆಂಪಗಿದೆಯೇ, ಮೇಜಿನ ಮೇಲಿನ ಕ್ಲಿಪ್ಪಿಗೆ ಕೈ ಚಾಚುತ್ತಿದೆಯೇ ಎಂದು ನೋಡುತ್ತಾರೆ. ತಾಯಿಯ ಮುಖವನ್ನೂ ನೋಡುತ್ತಾರೆ.

“ಅನ್ನ ತಿಂದ್ನಾ?” ಎಂದು ಕೇಳುತ್ತಾರೆ. “ಉಚ್ಚೆ ಹೋಗಿದಾನಾ ಬೆಳಿಗ್ಗೆ?”

ಮುಂಚೆ ಇದನ್ನೆಲ್ಲ ಕೇಳುತ್ತಿರಲಿಲ್ಲ. ಈಗ ಕೈ ಬರೀ ತೋರಿಕೆಗೆ ಹಣೆಯ ಮೇಲೆ ಕೂತಿರುತ್ತಿತ್ತು. ವಿಚಿತ್ರ ಏನೆಂದರೆ, ಹೆಚ್ಚುಕಡಿಮೆ ಎಲ್ಲವೂ ಸರಿಯಾಗಿಯೇ ಬರುತ್ತಿತ್ತು. ಆಡುವ ಮಗು ಆಡುತ್ತಿತ್ತು, ಕುಗ್ಗಿದ ಮಗು ಕುಗ್ಗಿರುತ್ತಿತ್ತು. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಅವರು ಒಪ್ಪಿಕೊಳ್ಳುವ ಅಗತ್ಯವೂ ಬೀಳಲಿಲ್ಲ.

ಒಪ್ಪಿಕೊಂಡರೆ ಏನಾಗುತ್ತಿತ್ತು? ಇಸ್ತ್ರಿಯವರು ಬೀದಿಗೆ ನಾಲ್ಕು ಜನ ಇದ್ದಾರೆ. ಹಣೆ ಮುಟ್ಟುವವರು ಒಬ್ಬರೇ. ತಲೆ ತಗ್ಗಿಸಿ ನಡೆಯುವ ಆ ಮನುಷ್ಯನನ್ನು ಜನ ತಲೆ ಎತ್ತಿ ನೋಡುತ್ತಿದ್ದದ್ದು ಆ ಒಂದು ಅಂಗೈಗಾಗಿ.

ಆ ಮಳೆಗಾಲ ಅಕ್ಕ ಒಂದು ಥರ್ಮಾಮೀಟರ್ ತಂದಳು. ಕಾರ್ಖಾನೆಯಲ್ಲಿ ನರ್ಸಮ್ಮ ಒಬ್ಬರು ಬಂದು ಎಲ್ಲ ತಾಯಂದಿರಿಗೂ ಹೇಳಿದ್ದರಂತೆ, ಕಂಕುಳಲ್ಲಿ ಇಟ್ಟು ಟಿಂಟಿಂ ಅನ್ನುವವರೆಗೆ ಕಾಯಬೇಕು, ಬಂದ ಸಂಖ್ಯೆ ಬರೆದಿಡಬೇಕು ಎಂದು.

“ಇದೇನೇ ಇದು, ಬಳಪದ ಕಡ್ಡಿ?” ಎಂದರು ದೊಡ್ಡಪ್ಪ.

“ಇಟ್ಕೋ ಅಪ್ಪ. ನಾನಿಲ್ಲದಾಗ ಬೇಕಾಗುತ್ತೆ.”

“ಮನೇಲಿ ಬಾವಿ ಇಟ್ಕೊಂಡು ಬಾಟ್ಲಿ ನೀರು ಕೊಂಡ್ಕೊಂಡು ಬಂದಿದೀಯಲ್ಲ!”

ಅಕ್ಕ ನಕ್ಕುಬಿಟ್ಟಳು. ದೊಡ್ಡಪ್ಪ ಅದನ್ನು ಪೊಟ್ಟಣ ಬಿಚ್ಚದೆ ಮೇಜಿನ ಡ್ರಾಯರಿನೊಳಗೆ, ದಾರದ ಉಂಡೆಗಳ ಕೆಳಗೆ ಹಾಕಿದರು.

ಆ ದಿನ ಮಂಗಳವಾರ. ನಾನು ಕಾಲೇಜಿಗೆ ಇಳಿಯುತ್ತಿದ್ದಾಗ ಅಕ್ಕ ಗುಂಡಿಯನ್ನು ಹೆಗಲ ಮೇಲೆ ಹಾಕಿಕೊಂಡು ಮೇಜಿನ ಎದುರು ನಿಂತಿದ್ದಳು. ಮಗುವಿನ ಕೈಯಲ್ಲಿ ಗುಂಡಿ ಡಬ್ಬಿ ಇರಲಿಲ್ಲ.

“ನಿನ್ನೆ ಸಂಜೆಯಿಂದ ಮಂಕಾಗಿದಾಳೆ ಅಪ್ಪ. ಬೆಳಿಗ್ಗೆ ಹಾಲೂ ಕುಡೀಲಿಲ್ಲ. ರಜ ಹಾಕ್ಲಾ?”

ಆ ವಾರ ಕಾರ್ಖಾನೆಯಲ್ಲಿ ಸರಕು ಕಳಿಸುವ ಅವಸರವಿತ್ತು. ರಜ ಹಾಕಿದವರನ್ನು ಬೇರೆ ಸಾಲಿಗೆ ಹಾಕುತ್ತಾರೆ, ಅಲ್ಲಿ ದಿನವಿಡೀ ನಿಂತೇ ಕೆಲಸ. ಅದು ದೊಡ್ಡಪ್ಪನಿಗೆ ಗೊತ್ತಿತ್ತು. ಅವರು ಬಲಗೈಯನ್ನು ಮಗುವಿನ ಹಣೆಯ ಮೇಲೆ ಇಟ್ಟರು. ಕಣ್ಣು ಮುಚ್ಚಿದರು. ಬೇರೆಯವರ ಮಕ್ಕಳನ್ನು ಕಣ್ಣು ಬಿಟ್ಟು ನೋಡುತ್ತಿದ್ದವರು ಇವಳ ವಿಷಯದಲ್ಲಿ ಕಣ್ಣು ಮುಚ್ಚಿದರು. ಯಾಕೆ ಎಂದು ನಾನು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ತನ್ನ ಮೊಮ್ಮಗಳ ಮೈಯಾದರೂ ಕೈಗೆ ತಿಳಿದೀತು ಅನ್ನುವ ಆಸೆ ಇತ್ತೋ ಏನೋ.

“ನೈಲಾನ್” ಎಂದರು. “ನೀನು ಹೊರಡು. ನಾನಿದೀನಲ್ಲ.”

ಅಕ್ಕ ಮಗುವಿನ ಕೆನ್ನೆಗೆ ಮುತ್ತು ಕೊಟ್ಟು, “ಬಿಸಿ ಜಾಸ್ತಿ ಆದ್ರೆ ಸಿರಪ್ಪು ಅಲ್ಲೇ ಇದೆ, ಮುಚ್ಚಳದ ಗೆರೆವರೆಗೆ. ಆರಾರು ಗಂಟೆಗೆ ಒಂದೇ ಸಲ ಅಪ್ಪ, ಮತ್ತೆ ಮತ್ತೆ ಹಾಕ್ಬೇಡ” ಎಂದು ಹೊರಟಳು. ನಾನೂ ಅವಳ ಜೊತೆ ಬೀದಿಯ ತಿರುವಿನವರೆಗೆ ನಡೆದೆ. ಆ ಸುಟ್ಟ ಬೆರಳಿನ ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ಬಸ್ಸು ಬಂತು. ಅವಳು ಹತ್ತಿದಳು. ಕಾರ್ಖಾನೆಯ ಗೇಟಿನಲ್ಲಿ ಮೊಬೈಲು ಇಸಿದುಕೊಂಡು ಸಂಜೆಯೇ ವಾಪಸು ಕೊಡುತ್ತಾರೆ.

ಆ ದಿನ ಮೆಟ್ಟಿಲ ಅಡಿಯಲ್ಲಿ ಏನೇನಾಯಿತು ಎನ್ನುವುದನ್ನು ದೊಡ್ಡಪ್ಪ ಒಂದೊಂದೇ ತುಣುಕಾಗಿ ಹೇಳಿದ್ದು ತಿಂಗಳುಗಳ ಮೇಲೆ.

ಹತ್ತು ಗಂಟೆಗೆ ಮಗು ನಡುಗತೊಡಗಿತು. ಜ್ವರ ಏರುವಾಗ ನಡುಕ ಬರುತ್ತದೆ ಎಂದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ನೈಲಾನ್ ಎಂದು ಬಾಯಲ್ಲಿ ಹೇಳಿಯಾಗಿತ್ತು. ಹೇಳಿದ ಮೇಲೆ ಅದನ್ನೇ ನಂಬಿದರು. ಮಳೆಯ ಥಂಡಿ ಇರಬೇಕು ಎಂದು, ಆಗಷ್ಟೇ ಇಸ್ತ್ರಿ ಮಾಡಿದ ಬಿಸಿ ಬೆಡ್‌ಶೀಟನ್ನು ಅವಳಿಗೆ ಸುತ್ತಿದರು. ಅದು ಆರಿದ ಕೂಡಲೇ ಇನ್ನೊಂದು. ಮಗು ಮೇಜಿನ ಕೆಳಗೆ, ಬಿಸಿ ಬಟ್ಟೆಗಳ ಅಟ್ಟಿಯ ಮೇಲೆ, ಬಿಸಿ ಬಟ್ಟೆ ಸುತ್ತಿಕೊಂಡು ಮಲಗಿತ್ತು. ಅಲ್ಲಿ ಎಲ್ಲವೂ ಬಿಸಿಯೇ. ಮಗುವಿನ ಬಿಸಿ ಯಾವುದು, ಬಟ್ಟೆಯದು ಯಾವುದು?

ಹನ್ನೊಂದಕ್ಕೆ ವಾಂತಿಯಾಯಿತು. ಬೆಳಿಗ್ಗೆ ತಿಂದ ಬಿಸ್ಕತ್ತು ಎಂದುಕೊಂಡರು. ನೀರು ಕುಡಿಸಲು ತಲೆ ಎತ್ತಿದರೆ ಕಿರುಚಿ ಅತ್ತಳು. ಕತ್ತು ಬಾಗಿಸಲು ಬಿಡಲಿಲ್ಲ. ಬೀದಿಯ ಬೆಳಕು ಬೀಳುವ ಕಡೆಯಿಂದ ಮುಖ ತಿರುಗಿಸಿಕೊಂಡು ಗೋಡೆಯ ಕಡೆ ಹೊರಳಿದಳು. ಆಮೇಲೆ ಅಳಲೂ ಇಲ್ಲ, ನಿದ್ದೆ ಹೋದಳು. ಒಳ್ಳೆಯದೇ ಆಯಿತು, ಮಲಗಲಿ ಎಂದು ದೊಡ್ಡಪ್ಪ ಒಂದು ರಾಶಿ ಯೂನಿಫಾರಂ ಮುಗಿಸಿದರು. ಸಿರಪ್ಪಿನ ಬಾಟಲಿ ತೆರೆಯಲೇ ಇಲ್ಲ. ನೈಲಾನಿಗೆ ಯಾರು ಸಿರಪ್ಪು ಹಾಕುತ್ತಾರೆ?

ಮೂರು ಗಂಟೆಗೆ ನಾನು ಕಾಲೇಜಿನಿಂದ ಬಂದೆ.

“ಗುಂಡಿ ಎಲ್ಲಿ?”

“ಮಲ್ಗಿದಾಳೆ. ಏಳಿಸ್ಬೇಡ.”

ನಾನು ಬಗ್ಗಿ ನೋಡಿದೆ. ಬೆಡ್‌ಶೀಟಿನಿಂದ ಹೊರಗಿದ್ದದ್ದು ಒಂದು ಕೆನ್ನೆ ಮಾತ್ರ. ಅದನ್ನು ಮುಟ್ಟಿದೆ. ಥಟ್ಟನೆ ಕೈ ಹಿಂದಕ್ಕೆ ಬಂತು.

“ದೊಡ್ಡಪ್ಪ, ಇವಳು ಉರೀತಿದಾಳೆ!”

“ಬೆಡ್‌ಶೀಟ್ ಬಿಸಿ ಕಣೇ ಅದು.”

“ಬೆಡ್‌ಶೀಟಲ್ಲ. ನೀವೇ ನೋಡಿ ಬೇಕಿದ್ರೆ!”

ಅವರು ನೋಡಿದರು. ಬಲಗೈ ಇಟ್ಟರು. ತೆಗೆದರು. ಮತ್ತೆ ಇಟ್ಟರು. ಆಮೇಲೆ ನನ್ನ ಎದುರಿಗೇ ಮೊಣಕಾಲೂರಿ, ತಮ್ಮ ಕೆನ್ನೆಯನ್ನು ಮಗುವಿನ ಹಣೆಗೆ ಒತ್ತಿದರು. ಹಾಗೇ ಒಂದು ಕ್ಷಣ ಇದ್ದರು. ಮುಖ ಎತ್ತಿದಾಗ ಅದು ನನಗೆ ಗೊತ್ತಿರುವ ಮುಖ ಆಗಿರಲಿಲ್ಲ.

“ಲಿನನ್” ಎಂದು ಅವರ ತುಟಿ ಮಾತ್ರ ಆಡಿತು.

ಬೆಡ್‌ಶೀಟು ಬಿಚ್ಚಿದೆವು. ಗುಂಡಿ ಎಂದು ಕೂಗಿದೆ, ಕೆನ್ನೆ ತಟ್ಟಿದೆ. ಕಣ್ಣು ಅರ್ಧ ತೆರೆಯಿತು, ನಮ್ಮನ್ನು ನೋಡಲಿಲ್ಲ. ಆಗಲೇ ಕೈಕಾಲು ಸೆಟೆದುಕೊಂಡವು. ಪಕ್ಕದ ವಾಚು ರಿಪೇರಿಯವನು ಓಡಿಬಂದು, “ನಾಲಿಗೆ ಕಚ್ಕೋತಾಳೆ, ಚಮಚ ಕೊಡ್ರಿ, ಚಮಚ!” ಎಂದು ಮಗುವಿನ ಬಾಯಿ ಬಿಡಿಸಲು ಹೋದ. ಮೇಲಿನಿಂದ ಇಳಿದು ಬಂದ ಮೇಷ್ಟ್ರು ಅವನ ಕೈಯನ್ನು ತಳ್ಳಿಬಿಟ್ಟರು.

“ಬಾಯಿಗೆ ಏನೂ ಹಾಕ್ಬೇಡ್ರೋ! ಒಂದು ಮಗ್ಗುಲಿಗೆ ತಿರುಗಿಸಿ ಮಲಗ್ಸಿ, ಅಷ್ಟೇ. ಯಾರಾದ್ರೂ ಆಟೋ ಕರೀರಿ!”

ಜ್ವರದ ನಾಟಕ ಆಡುತ್ತಿದ್ದ ಮೇಷ್ಟ್ರು ಅವರೇ. ಅವತ್ತು ಇಡೀ ಮೆಟ್ಟಿಲ ಮೇಲೆ ತಲೆ ನೆಟ್ಟಗಿದ್ದವರು ಅವರೊಬ್ಬರೇ.

ಆಸ್ಪತ್ರೆಯಲ್ಲಿ ಮಗುವನ್ನು ನೋಡಿದ ಕೂಡಲೇ ಒಳಗೆ ಕರೆದೊಯ್ದರು. ಅಲ್ಲಿನ ಥರ್ಮಾಮೀಟರ್ ನೂರಾ ನಾಲ್ಕು ದಾಟಿತ್ತು. ಮೆದುಳಿನ ಸುತ್ತಲಿನ ಪೊರೆಗೆ ಸೋಂಕು ಎಂದರು. ಬೆನ್ನಿನಿಂದ ನೀರು ತೆಗೆದರು. ಹೊರಗೆ ಕಾರಿಡಾರಿನಲ್ಲಿ ದೊಡ್ಡಪ್ಪ ನಿಂತಿದ್ದರು. ಅಲ್ಲಿನ ಛಾವಣಿ ಬಹಳ ಎತ್ತರ, ಆದರೂ ಅವರ ತಲೆ ಬಗ್ಗಿಯೇ ಇತ್ತು.

ಅಕ್ಕ ಬಂದದ್ದು ಆರಕ್ಕೆ. ಮೈಮೇಲೆಲ್ಲ ದಾರದ ಎಳೆಗಳು ಅಂಟಿಕೊಂಡಿದ್ದವು. ಅವಳಿಗೆ ನರ್ಸು ಒಂದೊಂದಾಗಿ ಪ್ರಶ್ನೆ ಕೇಳಿದರು. ಜ್ವರ ಯಾವಾಗಿನಿಂದ, ಎಷ್ಟಿತ್ತು, ಏನು ಔಷಧಿ, ಎಷ್ಟು ಹೊತ್ತಿಗೆ, ಕೊನೆಯ ಸಲ ಉಚ್ಚೆ ಯಾವಾಗ.

“ಎಷ್ಟಿತ್ತು ಅಂತ ನೋಡ್ಲೇ ಇಲ್ವಾ?” ಎಂದರು ನರ್ಸು.

“ನಮ್ಮಪ್ಪ ನೋಡಿದ್ರು” ಎಂದಳು ಅಕ್ಕ. “ಕೈಯಲ್ಲಿ.”

ನರ್ಸು ಪೆನ್ನು ಎತ್ತಿಕೊಂಡು ಕಾದರು, ಇನ್ನೇನಾದರೂ ಹೇಳುತ್ತಾರೇನೋ ಎಂದು.

ಆಮೇಲೆ ಅಕ್ಕ ಕಾರಿಡಾರಿಗೆ ಬಂದು ತನ್ನ ಅಪ್ಪನ ಎದುರು ನಿಂತಳು. ಎಲ್ಲರೂ ಅವಳು ಅಳುತ್ತಾಳೆ ಎಂದುಕೊಂಡಿದ್ದರು. ಅವಳು ಅವರ ಬಲಗೈಯನ್ನು ಎತ್ತಿ ಅಂಗೈ ಮೇಲೆ ಮಾಡಿದಳು. ಕಿರುಬೆರಳಿನ ಪಕ್ಕದ ಸುಟ್ಟ ಗಾಯ, ಅದರ ಹತ್ತಿರ ಇನ್ನೊಂದು, ಹೆಬ್ಬೆರಳಿನ ಬುಡದಲ್ಲಿ ಹಳೆಯದೊಂದು. ಅವುಗಳನ್ನು ಬಹಳ ಹೊತ್ತು ನೋಡಿದಳು.

“ಅಪ್ಪ, ನಿಂಗೆ ಗೊತ್ತಿತ್ತಾ?”

ದೊಡ್ಡಪ್ಪ ಮಾತಾಡಲಿಲ್ಲ. ನಾನೂ ಅಲ್ಲೇ ಇದ್ದೆ. ನಾನೂ ಮಾತಾಡಲಿಲ್ಲ. ಅಕ್ಕ ಆ ಕೈಯನ್ನು ಬಿಟ್ಟಳು.

ಗುಂಡಿ ಬದುಕಿದಳು. ಹದಿನೆಂಟು ದಿನ ಆಸ್ಪತ್ರೆ. ಹನ್ನೆರಡನೇ ದಿನ ಎದ್ದು ಕೂತಳು. ಅವಳ ಖುಷಿಗೆ ಅಂತ ನಾನು ಗುಂಡಿ ಡಬ್ಬಿ ತೆಗೆದುಕೊಂಡು ಹೋಗಿದ್ದೆ. ಅವಳ ಬೆನ್ನ ಹಿಂದೆ ನಿಂತು ಗಲಗಲ ಅಲ್ಲಾಡಿಸಿದೆ. ತಿರುಗಲಿಲ್ಲ. ಇನ್ನೂ ಜೋರಾಗಿ ಅಲ್ಲಾಡಿಸಿದೆ. ಪಕ್ಕದ ಮಂಚದ ಮಗು ತಿರುಗಿತು, ಅದರ ತಾಯಿ ತಿರುಗಿದಳು, ಅಕ್ಕ ತಿರುಗಿದಳು. ಗುಂಡಿ ತನ್ನ ಬೆರಳುಗಳನ್ನು ನೋಡುತ್ತ ಕೂತಿದ್ದಳು.

ಎರಡೂ ಕಿವಿ ಹೋಗಿದ್ದವು.

ಬೆಳಿಗ್ಗೆಯೇ ಬಂದಿದ್ದರೆ ಉಳಿಯುತ್ತಿದ್ದವಾ ಎಂದು ಅಕ್ಕ ಡಾಕ್ಟರನ್ನು ಕೇಳಿದಳು. ಅವರು ಕನ್ನಡಕ ತೆಗೆದು ಒರೆಸಿದರು.

“ಈ ಕಾಯಿಲೇಲಿ ಒಂದೊಂದು ಗಂಟೇನೂ ಲೆಕ್ಕ ಅಮ್ಮ. ಆದ್ರೆ ಬೇಗ ಬಂದೋರಿಗೂ ಕೆಲವು ಸಲ ಹೋಗುತ್ತೆ. ಉಳೀತಿತ್ತೋ ಇಲ್ವೋ ಅಂತ ನಾನು ಹೇಳಕ್ಕಾಗಲ್ಲ.”

ಉಳಿಯುತ್ತಿತ್ತು ಅಂದಿದ್ದರೆ ಅಕ್ಕ ಅಪ್ಪನನ್ನು ಶಪಿಸಬಹುದಿತ್ತು. ಇಲ್ಲ ಅಂದಿದ್ದರೆ ಕ್ಷಮಿಸಬಹುದಿತ್ತು. ಅವರು ಎರಡನ್ನೂ ಕೊಡಲಿಲ್ಲ. ಹೊರಡುವಾಗ ನರ್ಸು ಅವಳನ್ನು ಕೂರಿಸಿಕೊಂಡು ಹೇಳಿದ್ದನ್ನು ಮಾತ್ರ ಅಕ್ಕ ಒಂದು ಹಾಳೆಯಲ್ಲಿ ಬರೆದುಕೊಂಡು ಬಂದಳು. ಆ ಹಾಳೆ ಅವರ ಮನೆಯ ಬಾಗಿಲ ಹಿಂದೆ ಇನ್ನೂ ಇದೆ. ಕೈ ನಂಬಬೇಡ. ಕಂಬಳಿ ಹೊದಿಸಬೇಡ, ತಣ್ಣೀರೂ ಸುರಿಯಬೇಡ. ಔಷಧಿ ಮಗುವಿನ ತೂಕ ನೋಡಿ, ಹೊತ್ತು ಬರೆದು. ಸಂಖ್ಯೆಗಿಂತ ಮಗುವನ್ನು ನೋಡು: ಕುಡಿಯುತ್ತಾ, ಎಬ್ಬಿಸಿದರೆ ಏಳುತ್ತಾ, ಕತ್ತು ಬಾಗುತ್ತಾ. ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದಾಳೆ, ಹಾಳೆ ಹರಿಯುವಷ್ಟು ಒತ್ತಿ.

ಅಕ್ಕ ಕಾರ್ಖಾನೆ ಬಿಟ್ಟು ಮನೆಯಲ್ಲೇ ಹೊಲಿಗೆ ಹಿಡಿದಳು. ಅಪ್ಪನಿಗೆ ಎರಡು ಹೊತ್ತು ಊಟ ಇಡುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಮಾತು ಮಾತ್ರ ಇರಲಿಲ್ಲ. ಕೇಳಿದ ಪ್ರಶ್ನೆ ಒಂದೇ. ಅದಕ್ಕೆ ಉತ್ತರ ಬರದೆ ಇನ್ನೊಂದು ಮಾತು ಹೇಗೆ ಬಂದೀತು?

ಕಟ್ಟಡದವರು ದೊಡ್ಡಪ್ಪನನ್ನು ಬಯ್ಯಲಿಲ್ಲ. ಅದೇ ದೊಡ್ಡ ಕಷ್ಟ. “ಪಾಪ, ಹಣೆಬರಹ, ಯಾರು ಏನು ಮಾಡಕ್ಕಾಗುತ್ತೆ” ಎಂದು ಮತ್ತೆ ಗಂಟು ತಂದರು. ಒಂದು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಮೊದಲ ಮಹಡಿಯ ಹೊಸ ಬಾಣಂತಿ ಎರಡು ತಿಂಗಳ ಕೂಸನ್ನು ಎತ್ತಿಕೊಂಡು ಇಳಿದಳು. ಮೆಟ್ಟಿಲ ಮೇಲೆ ನಾಲ್ಕೈದು ಜನ ಇದ್ದರು. ಅಕ್ಕ ನೀರಿನ ಕೊಡ ಹಿಡಿದು ನಲ್ಲಿಯ ಹತ್ತಿರ ಇದ್ದಳು, ಗುಂಡಿ ಅವಳ ಸೆರಗಿನಲ್ಲಿ.

“ದೊಡ್ಡಪ್ಪ, ಇದ್ಯಾಕೋ ಬೆಳಿಗ್ಗೆಯಿಂದ ಹಾಲು ಹಿಡೀತಿಲ್ಲ. ಒಂಚೂರು ಮುಟ್ಟಿ ಹೇಳಿ.”

ಕೂಸಿನ ಹಣೆ ಮುಂದಕ್ಕೆ ಬಂತು. ದೊಡ್ಡಪ್ಪನ ಬಲಗೈ ರೂಢಿಯಂತೆ ಮೇಲೆದ್ದಿತು. ಅರ್ಧ ದಾರಿಯಲ್ಲಿ ನಿಂತಿತು. ನಾನು ಕೊನೆಯ ಮೆಟ್ಟಿಲ ಮೇಲಿದ್ದೆ. ಅವರ ಕಣ್ಣು ಕೂಸಿನ ಮೇಲೆ ಇರಲಿಲ್ಲ, ನಲ್ಲಿಯ ಕಡೆ ಇತ್ತು.

“ನನ್ ಕೈಗೆ ಏನೂ ತಿಳಿಯಲ್ಲಮ್ಮ” ಎಂದರು.

“ಅಯ್ಯೋ, ಹಂಗಂದ್ರೆ ಹೆಂಗೆ ದೊಡ್ಡಪ್ಪ? ಸುಮ್ನೆ ಮುಟ್ಟಿ.”

“ತಿಳಿಯಲ್ಲ ಅಂದ್ನಲ್ಲ. ಎರಡು ವರ್ಷದಿಂದ ತಿಳಿಯಲ್ಲ. ನಿಮ್ಗೆಲ್ಲ ಹೇಳಿದ್ದು ಅಂದಾಜು. ಕಣ್ಣು ನೋಡಿ ಹೇಳ್ತಿದ್ದೆ. ಕೈ ಸತ್ತೋಗಿದೆ.”

ಮೆಟ್ಟಿಲ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ನಗಲು ಹೋಗಿ ನಿಲ್ಲಿಸಿದರು. ನಲ್ಲಿಯಲ್ಲಿ ಕೊಡ ತುಂಬಿ ಹರಿಯುತ್ತಿತ್ತು.

“ಎರಡು ವರ್ಷ” ಎಂದಳು ಅಕ್ಕ.

ಅವಳು ನಲ್ಲಿ ನಿಲ್ಲಿಸಿದಳು. ಬಂದು, ಮೇಜಿನ ಡ್ರಾಯರು ಎಳೆದು, ದಾರದ ಉಂಡೆಗಳ ಕೆಳಗಿನಿಂದ ಆ ಪೊಟ್ಟಣ ತೆಗೆದಳು. ಅದು ಹಾಗೇ ಇತ್ತು, ಬಿಚ್ಚಿರಲಿಲ್ಲ. ಹಲ್ಲಿನಿಂದ ಹರಿದಳು. ಕೂಸಿನ ಕಂಕುಳಲ್ಲಿ ಇಟ್ಟು, ತೋಳನ್ನು ಮೆಲ್ಲಗೆ ಒತ್ತಿ ಹಿಡಿದಳು. ಎಲ್ಲರೂ ಕಾದರು. ಟಿಂಟಿಂ ಅಂದಿತು. ಗುಂಡಿ ಒಬ್ಬಳೇ ಬೇರೆ ಕಡೆ ನೋಡುತ್ತಿದ್ದಳು.

“ನೂರಾ ಒಂದು” ಎಂದು ಅಕ್ಕ ಓದಿದಳು. “ಮೂರು ತಿಂಗಳೊಳಗಿನ ಕೂಸು. ಮನೇಲಿ ಒಂದು ನಿಮಿಷನೂ ಇಟ್ಕೋಬೇಡ, ಸಿರಪ್ಪೂ ಬೇಡ, ಈಗ್ಲೇ ಹೊರಡು. ನಡಿ, ನಾನೂ ಬರ್ತೀನಿ.”

ಆ ಕೂಸು ಉಳಿಯಿತು, ಯಾವ ಕೊರತೆಯೂ ಇಲ್ಲದೆ. ಈಗ ಮೆಟ್ಟಿಲೆಲ್ಲ ಅದರದೇ ಗಲಾಟೆ.

ಆಮೇಲೆ ದೊಡ್ಡಪ್ಪನ ಮೇಜಿಗೆ ಗಂಟುಗಳು ಕಮ್ಮಿಯಾದವು. ಹಣೆಗಳಂತೂ ಬರಲೇ ಇಲ್ಲ. ಬಲಗೈಯ ನರ ಒತ್ತಿಹೋಗಿದೆ, ಹಿಡಿ ಹಿಡಿದು ಹಿಡಿದು ಆದದ್ದು ಎಂದು ಡಾಕ್ಟರು ಹೇಳಿದರು. ಮೊದಲೇ ತೋರಿಸಿದ್ದರೆ ಸರಿಹೋಗಬಹುದಿತ್ತಂತೆ. ಅವರು ಎಡಗೈಯಲ್ಲಿ ಇಸ್ತ್ರಿ ಮಾಡುವುದನ್ನು ಕಲಿತರು. ಮಡಿಕೆಗಳು ಸೊಟ್ಟಗೆ ಬರುತ್ತಿದ್ದವು. ಮೆಟ್ಟಿಲ ಮೇಲೆ ಹೋಗುವವರು ಮಾತಾಡಿಸುತ್ತಿದ್ದರು, ಇವರು ಪೆಟ್ಟಿಗೆಯಿಂದ ಕಣ್ಣೆತ್ತುತ್ತಿರಲಿಲ್ಲ. ಅಕ್ಕ ಅವರ ಹತ್ತಿರ ಬಾಯಿ ಬಿಡಲಿಲ್ಲ, ಎರಡೂವರೆ ವರ್ಷ. ಊಟದ ತಟ್ಟೆಯನ್ನು ನನ್ನ ಕೈಯಲ್ಲಿ ಕೊಟ್ಟು “ಕೆಳಗೆ ಕೊಡು” ಎನ್ನುತ್ತಿದ್ದಳು. ಅಪ್ಪ ಅನ್ನುವ ಪದದ ಜಾಗಕ್ಕೆ “ಕೆಳಗೆ” ಬಂದು ಕೂತಿತ್ತು.

ಹೋದ ತಿಂಗಳು ದೊಡ್ಡಪ್ಪನಿಗೇ ಜ್ವರ ಬಂತು. ಎರಡು ದಿನ ಯಾರಿಗೂ ಹೇಳಲಿಲ್ಲ. ಮೂರನೇ ಬೆಳಿಗ್ಗೆ ಅಂಗಡಿ ತೆರೆಯಲಿಲ್ಲ ಎಂದು ನಾನು ಅವರ ಕೋಣೆಗೆ ಹೋದರೆ, ಎರಡು ಕಂಬಳಿ, ಅದರ ಮೇಲೆ ಮೇಜಿನ ಕಂಬಳಿ, ಎಲ್ಲ ಹೇರಿಕೊಂಡು ಮಲಗಿದ್ದಾರೆ.

“ಬೆವರು ಬಂದ್ರೆ ಬಿಟ್ಟೋಗುತ್ತೆ ಕಣೇ. ಬಾಗ್ಲು ಹಾಕ್ಕೊಂಡು ಹೋಗು.”

“ಇಷ್ಟೆಲ್ಲ ಆದ್ಮೇಲೂ ಕಂಬ್ಳಿ ಹೊದ್ಕೊಂಡಿದೀರಲ್ಲ ದೊಡ್ಡಪ್ಪ, ನಿಮ್ಗೆ ಬುದ್ಧಿ ಯಾವಾಗ ಬರುತ್ತೆ?”

ಹೋಗಿ ಅಕ್ಕನನ್ನು ಕರೆದೆ. ಬರುತ್ತಾಳೋ ಇಲ್ಲವೋ ಎಂದುಕೊಂಡಿದ್ದೆ. ಬಂದಳು, ಥರ್ಮಾಮೀಟರ್ ಹಿಡಿದು. ಹಿಂದೆ ಗುಂಡಿ. ಅವಳಿಗೆ ಈಗ ಆರು ವರ್ಷ. ಕೈಸನ್ನೆಯಲ್ಲಿ ಮಾತಾಡುತ್ತಾಳೆ, ನಮ್ಮ ತುಟಿ ನೋಡಿ ಅರ್ಧ ತಿಳಿದುಕೊಳ್ಳುತ್ತಾಳೆ. ಅಕ್ಕ ಕಂಬಳಿಗಳನ್ನು ಒಂದೊಂದಾಗಿ ಎಳೆದು ಕೆಳಗೆ ಹಾಕಿದಳು, ಕಿಟಕಿ ತೆರೆದಳು, ನೀರು ತರಲು ಹೋದಳು.

ಅಷ್ಟರಲ್ಲಿ ಗುಂಡಿ ತಾತನ ಹತ್ತಿರ ಹೋಗಿ ತನ್ನ ಪುಟ್ಟ ಬಲಗೈಯನ್ನು ಅವರ ಹಣೆಯ ಮೇಲೆ ಇಟ್ಟಳು. ಆಮೇಲೆ ಕತ್ತಿನ ಹಿಂದೆ. ಕಣ್ಣು ಮುಚ್ಚಿ ಮೂರು ಎಣಿಸುವಷ್ಟು ಹೊತ್ತು. ಆಮೇಲೆ ಮೂಲೆಯಲ್ಲಿ ಧೂಳು ಹಿಡಿದು ಕೂತಿದ್ದ ಆ ಕೆಟ್ಟ ಪೆಟ್ಟಿಗೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ತಿರುಗಣೆಯನ್ನು ತಿರುಗಿಸಿದಳು. ಕಾಟನ್. ತಾತನ ಕಡೆ ತಿರುಗಿ ಬಾಯಿ ತೆರೆದಳು, ಟಕ್ ಅನ್ನುವ ಹಾಗೆ. ಸದ್ದು ಬರಲಿಲ್ಲ.

ದೊಡ್ಡಪ್ಪ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು.

ಬಾಗಿಲಲ್ಲಿ ಅಕ್ಕ ನಿಂತಿದ್ದಳು, ಕೈಯಲ್ಲಿ ನೀರಿನ ಲೋಟ. ಎಲ್ಲವನ್ನೂ ನೋಡಿದ್ದಳು. ಬಂದು, ಬಗ್ಗಿ, ತಿರುಗಣೆಯನ್ನು ಹಿಂದಕ್ಕೆ, ಸೊನ್ನೆಯವರೆಗೆ ತಿರುಗಿಸಿದಳು. ಗುಂಡಿಯ ಬಲಗೈಯನ್ನು ಹಿಡಿದು ಬೇಡ ಎಂದು ತಲೆಯಾಡಿಸಿ, ಅದೇ ಕೈಯಲ್ಲಿ ಥರ್ಮಾಮೀಟರ್ ಇಟ್ಟಳು. ಇಬ್ಬರೂ ಸೇರಿ ತಾತನ ಕಂಕುಳಲ್ಲಿ ಇಟ್ಟರು. ಟಿಂಟಿಂ ಅಂದಾಗ ಗುಂಡಿಗೆ ಕೇಳಲಿಲ್ಲ, ಆದರೆ ಅವಳು ಅದರ ಪುಟ್ಟ ಕಿಟಕಿಯಿಂದ ಕಣ್ಣು ತೆಗೆದಿರಲೇ ಇಲ್ಲ. ಅಂಕಿ ನಿಂತ ಕೂಡಲೇ ಎಳೆದು ಅಮ್ಮನಿಗೆ ತೋರಿಸಿದಳು.

ನೂರಾ ಮೂರು.

ಅಕ್ಕ ಮಾತ್ರೆ ಕೊಟ್ಟಳು. ಲೋಟವನ್ನು ಅವರ ತುಟಿಗೆ ಹಿಡಿದಳು. ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಹೊತ್ತು ಬರೆದಳು, ಅದರ ಪಕ್ಕ ಸಂಖ್ಯೆ. ಮಧ್ಯಾಹ್ನದೊಳಗೆ ಇಳಿಯದಿದ್ದರೆ ಡಾಕ್ಟರ ಹತ್ತಿರ ಎಂದು ನನಗೆ ಹೇಳಿದಳು. ದೊಡ್ಡಪ್ಪ ಗೋಡೆ ನೋಡುತ್ತಲೇ ಕೇಳಿದರು, “ಅವಳ್ ಕೈ ಸರಿಯಾಗಿ ಹೇಳ್ತಲ್ವಾ?”

ಅಕ್ಕ ಪೆನ್ಸಿಲನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು. ಎರಡೂವರೆ ವರ್ಷದಲ್ಲಿ ಮೊದಲ ಸಲ ಅವರ ಮುಖ ನೋಡಿದಳು.

“ನಿಂದೂ ಹೇಳ್ತಿತ್ತು ಅಪ್ಪ” ಎಂದಳು. “ಒಂದು ಕಾಲಕ್ಕೆ.”

ಕೆಳಗೆ ಬಿದ್ದಿದ್ದ ಕಂಬಳಿಗಳನ್ನು ಎತ್ತಿ ಮಡಿಸತೊಡಗಿದಳು.